ಮೊಣಕಾಲಿನಿಂದ ಕೆಳಗೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಎದುರಿಗೆ ಬರುವವರ ಮುಖ ನೋಡುವ ಮೊದಲು ಕಾಲು ನೋಡುತ್ತೇನೆ. ಮೊನ್ನೆ ಯಶವಂತಪುರದ ಮೆಟ್ರೋ ಮೆಟ್ಟಿಲ ಹತ್ತಿರ ಒಂದು ಜೊತೆ ಕಾಲು ನನ್ನತ್ತ ಬರುತ್ತಿತ್ತು. ಬಲಗಾಲ ಮೇಲೆ ಭಾರ ಬಿದ್ದಾಗಲೆಲ್ಲ ಸೊಂಟ ಎಡಕ್ಕೆ ಜಗ್ಗುತ್ತಿತ್ತು. ಬಲ ಸೊಂಟದ ಪಕ್ಕದ ಸ್ನಾಯು ಸೋತಿದೆ ಅಂದುಕೊಂಡು ನಾನು ಮುಂದೆ ಹೋಗುತ್ತಿದ್ದರೆ ಆ ಕಾಲಿನ ಒಡತಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಲತಾ.

"ಏನೇ ಸುಧಾ, ನೋಡಿದ್ರೂ ನೋಡ್ದಂಗೆ ಹೋಗ್ತಿದೀಯಲ್ಲ!"

"ನಿನ್ನ ಸೊಂಟಕ್ಕೆ ಏನಾಗಿದೆ?" ಅಂದೆ. ಬಾಯಿಗೆ ಬಂದ ಮೊದಲ ಮಾತೇ ಅದು.

"ಇಷ್ಟ್ ವರ್ಷ ಆದ್ಮೇಲೆ ಸಿಕ್ಕಿದೀನಿ, ಚೆನ್ನಾಗಿದೀಯಾ ಅಂತ ಕೇಳೋದು ಬಿಟ್ಟು ಯಾರಾದ್ರೂ ಇದನ್ನ ಕೇಳ್ತಾರಾ?" ಎಂದು ಅವಳು ನಕ್ಕಳು. ಆಮೇಲೆ ಎರಡನೇ ಹೆರಿಗೆಯಿಂದ ಹಿಡಿದು ಸೊಂಟದ ಕಥೆಯನ್ನೆಲ್ಲ ಅಲ್ಲೇ ನಿಂತು ಹೇಳಿದಳು ಅನ್ನಿ.

ಇದಕ್ಕಿಂತ ದೊಡ್ಡ ಅವಮಾನ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಆಗಿತ್ತು. ಗೇಟಿನಿಂದ ಸೋಫಾದವರೆಗೆ ಆತ ನಡೆದು ಬಂದದ್ದನ್ನು ಕಿಟಕಿಯಿಂದ ನೋಡಿದ್ದೆ. ಒಳಗೆ ಅಮ್ಮ ಕಾಫಿ ಲೋಟ ಜೋಡಿಸುತ್ತಾ, "ಹೆಂಗಿದಾನೇ ಹುಡ್ಗ?" ಎಂದು ಪಿಸುಗುಟ್ಟಿದಳು. "ಪಾದ ಚಪ್ಪಟೆ" ಅಂದೆ. ಅಮ್ಮ ಹಣೆ ಚಚ್ಚಿಕೊಂಡಳು. ಆ ಚಪ್ಪಟೆ ಪಾದದವರನ್ನೇ ಮದುವೆಯಾದೆ. ಅವರ ಬೂಟಿನೊಳಗೆ ಹಾಕುವ ಮೆತ್ತೆಯನ್ನು ಇವತ್ತಿಗೂ ನಾನೇ ಕತ್ತರಿಸಿಕೊಡುತ್ತೇನೆ.

ನಾನು ಫಿಸಿಯೋಥೆರಪಿಸ್ಟ್. ಯಲಹಂಕ ನ್ಯೂ ಟೌನಿನಲ್ಲಿ ಎರಡು ಮಂಚ, ಒಂದು ಸೈಕಲ್ಲು, ಎಲ್ಲಿಗೂ ಹೋಗದ ಮೂರು ಮರದ ಮೆಟ್ಟಿಲು, ಇಷ್ಟಿರುವ ಚಿಕ್ಕ ಕ್ಲಿನಿಕ್ ನನ್ನದು. ಹಾಗಾಗಿ ಕಾಲು ನೋಡುವ ಚಟ ಕಸುಬಿನಿಂದ ಬಂತೆಂದು ಎಲ್ಲರೂ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಅದು ನನ್ನ ಅಪ್ಪನಿಂದ ಬಂದದ್ದು. ಅಪ್ಪ ಯಲಹಂಕ ಹಳೇ ಊರಿನಲ್ಲಿ ಪ್ಯಾಂಟು ಹೊಲಿಯುವ ಟೈಲರು. ಶರ್ಟು ಹೊಲಿಯಲು ಬಾರದು ಎಂದಲ್ಲ, ಮನಸ್ಸಿರಲಿಲ್ಲ. "ಮೇಲ್ಗಡೆ ಏನಿದೆ, ಎರಡು ತೋಳು, ಒಂದು ಹೊಟ್ಟೆ. ಮನುಷ್ಯ ಏನು ಅಂತ ಕಾಲು ಹೇಳುತ್ತೆ" ಅನ್ನುತ್ತಿದ್ದ.

ಜಮೀನಿಗೆ ಬೆಲೆ ಬಂದ ಮೇಲೆ ಪಂಚೆ ಬಿಟ್ಟು ಮೊದಲ ಪ್ಯಾಂಟು ಹೊಲಿಸಲು ಕೋಗಿಲು ಹಳ್ಳಿಯ ಕಡೆಯಿಂದ ಬರುತ್ತಿದ್ದ ಹಿರಿಯರನ್ನು ಅವನು ಬಹಳ ಗೌರವದಿಂದ ಕಾಣುತ್ತಿದ್ದ. ಅವರ ಮೀನಖಂಡಗಳು ಉಳುಮೆಯಲ್ಲಿ ಬಿಗಿದು ಗಟ್ಟಿಯಾದಂಥವು. "ಟೇಪು ಅವರ ಕಾಲಿನ ಮೇಲೆ ನಿಲ್ಲಲ್ಲ ಕಣಮ್ಮ, ಜಾರುತ್ತೆ" ಎಂದು ಮನೆಗೆ ಬಂದು ಹೇಳುತ್ತಿದ್ದ. ಅದೇ ಯಜಮಾನರು ನಾಲ್ಕು ವರ್ಷ ಬಿಟ್ಟು ಎರಡನೇ ಪ್ಯಾಂಟಿಗೆ ಬಂದಾಗ ಸೊಂಟ ಎರಡಿಂಚು ಹೆಚ್ಚಿ ಮೀನಖಂಡ ಒಂದಿಂಚು ಇಳಿದಿರುತ್ತಿತ್ತು. ಅದನ್ನು ಹೇಳುವಾಗ ಅಪ್ಪನ ದನಿಯೂ ಇಳಿಯುತ್ತಿತ್ತು. ಒಂದು ಕಾಲಿನ ಅಳತೆ ತೆಗೆದು ಸುಮ್ಮನಾಗುವ ಟೈಲರುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎರಡೂ ಕಾಲು ಒಂದೇ ಸಮ ಇರುವ ಮನುಷ್ಯನನ್ನು ತಾನು ಈವರೆಗೂ ಕಂಡಿಲ್ಲ ಎನ್ನುವುದು ಅವನ ವಾದ.

ಇಂಥವನ ಮಗಳಾದ ನಾನು ಕಾಲಿನ ಪಾಠದಲ್ಲೇ ಫೇಲಾದೆ.

ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಫಿಸಿಯೋಥೆರಪಿ ಮೊದಲ ವರ್ಷದ ಅನಾಟಮಿ ಪುಸ್ತಕ ತೆರೆದಾಗ ಯಾವುದೋ ಮದುವೆ ಮನೆಯಲ್ಲಿ ಗುರುತಿಲ್ಲದ ನೂರು ನೆಂಟರ ನಡುವೆ ನಿಂತ ಹಾಗಾಯಿತು. ಗ್ಲೂಟಿಯಸ್ ಮ್ಯಾಕ್ಸಿಮಸ್, ಮೀಡಿಯಸ್, ಮಿನಿಮಸ್ ಅಂತ ಮೂವರು ಅಣ್ಣತಮ್ಮಂದಿರು. ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್ ಅನ್ನುವ ಅವಳಿಗಳು. ಯಾರು ಎಲ್ಲಿಂದ ಹೊರಟು ಯಾವ ಮೂಳೆಗೆ ಅಂಟುತ್ತಾರೆ, ಯಾವ ನರ ಯಾರಿಗೆ ಅಪ್ಪಣೆ ಕೊಡುತ್ತದೆ ಎನ್ನುವುದನ್ನೆಲ್ಲ ಯಶವಂತಪುರದ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಹೆಬ್ಬಾಳದ ಫ್ಲೈಓವರ್ ಕೆಳಗಿನ ಟ್ರಾಫಿಕ್ಕಿನಲ್ಲಿ ಎಲ್ಲ ಕಲಸಿಕೊಂಡು ತೊಡೆಯ ಸ್ನಾಯು ಪಾದಕ್ಕೂ ಪಾದದ್ದು ಸೊಂಟಕ್ಕೂ ಹೋಗಿ ಅಂಟಿಕೊಳ್ಳುತ್ತಿದ್ದವು. ಕಾಲಿನ ಸ್ನಾಯುಗಳ ಮೇಲೆ ನಡೆದ ಕ್ಲಾಸ್ ಟೆಸ್ಟಿನಲ್ಲಿ ನಲವತ್ತಕ್ಕೆ ಎಂಟು ಬಂತು.

ಪಾಠ ಮಾಡುತ್ತಿದ್ದ ಮೇಡಂ ಬಯ್ಯಲಿಲ್ಲ. ಉತ್ತರ ಪತ್ರಿಕೆ ಕೊಡುತ್ತಾ, "ಮನೇಲಿ ಯಾರಿಗಾದ್ರೂ ಕಾಲಿದೆಯೇನಮ್ಮಾ?" ಎಂದು ಕೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. "ತಮಾಷೆ ಅಲ್ಲ. ಪುಸ್ತಕ ಮುಚ್ಚಿಟ್ಟು ಒಂದು ಕಾಲು ಮುಂದಿಟ್ಕೊಂಡು ಓದು."

ಮೊದಲು ಅಮ್ಮನ ಕಾಲು ಕೇಳಿದೆ. ಅಮ್ಮನಿಗೆ ಕಚಗುಳಿ; ಬೆರಳು ಮುಟ್ಟಿದರೆ ಸಾಕು, ಬಿದ್ದು ಬಿದ್ದು ನಗುತ್ತಿದ್ದಳು. ಆಗ ಅಪ್ಪ, "ನನ್ನ ಕಾಲು ತಗೋ" ಅಂದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸ್ಟೂಲಿನ ಮೇಲೆ ಕೂತು, ಲುಂಗಿಯನ್ನು ಮೊಣಕಾಲಿನವರೆಗೆ ಮಡಚಿ, ಬಲಗಾಲು ಮುಂದೆ ಚಾಚಿ ಗಡಿ ಹಾಕಿಕೊಟ್ಟ. "ಇಲ್ಲಿಂದ ಕೆಳಗೆ ನಿಂದು. ಮೇಲಿಂದು ಪುಸ್ತಕದಲ್ಲೇ ನೋಡ್ಕೊ."

ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಅಪ್ಪನ ಕಾಲಿನ ಮೇಲೆ ಗೀರಿ ಗೀರಿ ಕಲಿತೆ. ಅವನು ಸುಮ್ಮನೆ ಕಾಲು ಕೊಟ್ಟು ಕೂರುವ ಆಸಾಮಿಯಲ್ಲ. ಪ್ರತಿ ಸ್ನಾಯುವಿಗೂ, "ಇದು ಎಲ್ಲಿ ಶುರು? ಎಲ್ಲಿ ಹೊಲಿದಿದಾರೆ? ಎಳೆದ್ರೆ ಯಾವ ಕಡೆ ಸುಕ್ಕು ಬರುತ್ತೆ?" ಎಂದು ಕೇಳುತ್ತಿದ್ದ. ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲು ಬಂದರೆ ಅನಾಟಮಿ ಬಂದ ಹಾಗೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮೀನಖಂಡದ ಒಳಪದರದಲ್ಲಿ ಸೋಲಿಯಸ್ ಎಂಬ ಸ್ನಾಯುವಿದೆ, ಮಂಡಿ ಮಡಚಿ ಕೂತು ಮೆಷಿನ್ನಿನ ಪೆಡಲು ಒತ್ತುವಾಗ ಅದರದ್ದೇ ಕೆಲಸ ಅಂದಾಗ, ಬಹಳ ವರ್ಷದ ನೌಕರನ ಹೆಸರನ್ನು ಈಗ ಕೇಳಿದವನ ಹಾಗೆ ಅದನ್ನು ತಟ್ಟಿ ನೋಡಿಕೊಂಡ.

ತೊಡೆಯ ಭಾಗಕ್ಕೆ ಅವನೇ ಉಪಾಯ ಹುಡುಕಿದ. ಖಾಕಿ ಬಟ್ಟೆಯನ್ನು ಪ್ಯಾಂಟಿನ ಆಕಾರಕ್ಕೆ ಕತ್ತರಿಸಿ, "ಇದರ ಮೇಲೆ ಬರಿ" ಎಂದು ಹಾಸಿಕೊಟ್ಟ. ಸೊಂಟದ ಮುಂದಿನ ಮೂಳೆಯಿಂದ ಹೊರಟು ತೊಡೆಯನ್ನು ಅಡ್ಡಡ್ಡ ದಾಟಿ ಮೊಣಕಾಲಿನ ಒಳಬದಿಗೆ ಇಳಿಯುವ ಉದ್ದನೆಯ ಪಟ್ಟಿಯಂಥ ಸ್ನಾಯುವೊಂದನ್ನು ಎಳೆದು, "ಇದು ಸಾರ್ಟೋರಿಯಸ್. ಹಂಗಂದ್ರೆ ದರ್ಜಿಯ ಸ್ನಾಯು. ಚಕ್ಕಳಮಕ್ಕಳ ಹಾಕಿ ಕೂರ್ತೀರಲ್ಲ, ಅದಕ್ಕೆ ಆ ಹೆಸರು" ಅಂದೆ.

ಅಪ್ಪ ಕನ್ನಡಕ ತೆಗೆದ. "ನಮ್ ಹೆಸರಲ್ಲೂ ಒಂದಿದೆಯಾ?"

ಮರುದಿನದ ಹೊತ್ತಿಗೆ ಅದು ಇಡೀ ಬೀದಿಗೆ ಗೊತ್ತಾಗಿತ್ತು. ಪಕ್ಕದ ಅಂಗಡಿಯ ಕ್ಷೌರಿಕ ಮುನಿಯಪ್ಪಣ್ಣ ನನ್ನನ್ನು ತಡೆದು, "ನಮ್ಮೋರ ಹೆಸ್ರಲ್ಲೂ ಒಂದೈತಾ ನೋಡವ್ವ" ಎಂದು ಕೇಳಿದ. ಪುಸ್ತಕವೆಲ್ಲ ಹುಡುಕಿದೆ, ಇರಲಿಲ್ಲ. ಅವನಿಗೆ ನಿಜವಾಗಿಯೂ ಬೇಸರವಾಯಿತು. ಇನ್ನೊಂದು ಸಲ ನನ್ನ ಖಾಕಿ ಬಟ್ಟೆ ಸಿಗದೆ, ಕತ್ತರಿಸಿಟ್ಟಿದ್ದ ಯಾರದ್ದೋ ಪ್ಯಾಂಟಿನ ತೊಡೆಯ ಮೇಲೆ "ವಾಸ್ಟಸ್ ಲ್ಯಾಟರಾಲಿಸ್" ಎಂದು ಬರೆದಿದ್ದೆ. ಒರೆಸಲು ಮರೆತು, ಹೊಲಿದು, ಅದು ಹಾಗೇ ಡೆಲಿವರಿ ಆಯಿತು. ಗಿರಾಕಿ ವಾಪಸು ಬಂದು, "ನಂಜುಂಡಣ್ಣ, ಇದು ಯಾವ್ ಕಂಪ್ನಿ ಬಟ್ಟೆ?" ಎಂದು ಕೇಳಿದನಂತೆ.

ಹೀಗೆ ನಾಲ್ಕಾರು ಭಾನುವಾರ ನಡೆಯಿತು. ಆಮೇಲೊಂದು ಭಾನುವಾರ ಅಪ್ಪ ಸ್ಟೂಲಿನ ಮೇಲೆ ಕೂತು, ಯಾಕೋ ಸ್ವಲ್ಪ ಹೊತ್ತು ತಡೆದು, ಎಡಗಾಲು ಚಾಚಿದ. ಒಳ್ಳೆಯದೇ ಆಯಿತು, ಪುಸ್ತಕ ನೋಡದೆ ಹೊಸ ಕಾಲಿನ ಮೇಲೆ ಬರೆದರೆ ಎಷ್ಟು ಬಂದಿದೆ ಎಂದು ತಿಳಿಯುತ್ತದೆ ಅಂದುಕೊಂಡೆ. ಮೀನಖಂಡ ಬರೆದೆ, ತಪ್ಪಿಲ್ಲ. ಹೊರಬದಿ ಬರೆದೆ. ಮುಂಗಾಲಿನ ಮೂಳೆಯ ಪಕ್ಕದಲ್ಲಿ ಟಿಬಿಯಾಲಿಸ್ ಆಂಟೀರಿಯರ್ ಇದೆ; ಪಾದವನ್ನು ಮೇಲಕ್ಕೆತ್ತುವ ಸ್ನಾಯು. ಎತ್ತಿದಾಗ ಅದು ಉಬ್ಬುತ್ತದೆ, ಗುರುತು ಹಾಕುವುದು ಸುಲಭ.

"ಅಪ್ಪ, ಪಾದ ಮೇಲಕ್ಕೆತ್ತು."

"ಎತ್ತಿದೀನಲ್ಲ."

ಪಾದ ಅಲುಗಿರಲಿಲ್ಲ.

"ತಮಾಷೆ ಮಾಡ್ಬೇಡಪ್ಪ, ಎತ್ತು."

ಅವನ ಕುತ್ತಿಗೆಯ ನರ ಬಿಗಿಯಿತು. ತೊಡೆ ಬಿಗಿಯಿತು. ಪಾದ ಮಾತ್ರ ಕೆಳಕ್ಕೆ ಜೋತುಕೊಂಡೇ ಇತ್ತು. ಕೈಯಲ್ಲಿದ್ದ ಚಾಕ್‌ಪೀಸನ್ನು ಮೂಳೆಯ ಪಕ್ಕದಲ್ಲಿಟ್ಟೆ. ಉಬ್ಬಿರಬೇಕಾದ ಕಡೆ ತಗ್ಗಿತ್ತು.

"ಜೋಮು ಹಿಡ್ದಿದೆ ಕಣಮ್ಮ. ಬಿಡು, ಹೋಗುತ್ತೆ."

"ಎಷ್ಟು ದಿನದಿಂದ?"

ಅಪ್ಪ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ಕಣ್ಣಿಗೆ ಬಿತ್ತು. ಎಡಗಾಲಿನದ್ದು ಮುಂದುಗಡೆ ಉಜ್ಜಿ ಸವೆದಿತ್ತು. ಜಾರದಿರಲೆಂದು ಹಿಂದಕ್ಕೊಂದು ಪಟ್ಟಿ ಹೊಲಿದಿದ್ದ, ಬಹಳ ಅಚ್ಚುಕಟ್ಟಾಗಿ. ಅದನ್ನು ನೋಡುತ್ತಿದ್ದ ಹಾಗೆ ಒಂದು ಸದ್ದು ನೆನಪಾಯಿತು. ಎರಡು ತಿಂಗಳಿಂದ ಬೆಳಿಗ್ಗೆ ಅವನು ನಡುಮನೆ ದಾಟುವಾಗ ಟಪ್, ಟಪ್ ಎಂದು ಪಾದ ನೆಲಕ್ಕೆ ಬಡಿಯುತ್ತಿತ್ತು. ಅದೇ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ನಾನು, ಟಿಬಿಯಾಲಿಸ್ ಆಂಟೀರಿಯರ್ ಸೋತರೆ ಪಾದ ಜೋತುಬೀಳುತ್ತದೆ, ನಡೆಯುವಾಗ ನೆಲಕ್ಕೆ ಬಡಿಯುತ್ತದೆ ಎಂದು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದೆ. ಬಾಯಲ್ಲಿ ಪಾಠ, ಪಕ್ಕದಲ್ಲೇ ಸದ್ದು. ಎರಡಕ್ಕೂ ಸಂಬಂಧ ನನಗೆ ಹೊಳೆದಿರಲಿಲ್ಲ. ಇವತ್ತಿಗೂ ಇದನ್ನು ನೆನೆದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅಪ್ಪ ಟೇಪು ಕೇಳಿದ. ಎರಡೂ ಮೀನಖಂಡಕ್ಕೆ ತಾನೇ ಸುತ್ತಿ ನೋಡಿದ. "ಮುಕ್ಕಾಲು ಇಂಚು ಕಮ್ಮಿ" ಅಂದ. ಊರಿನವರ ಕಾಲನ್ನೆಲ್ಲ ಅಳೆದವನು ತನ್ನ ಕಾಲಿಗೆ ಟೇಪು ಹಿಡಿದದ್ದು ಅದೇ ಮೊದಲು.

ಮರುದಿನ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವನ ಕಾಲನ್ನು ತಿರುಗಿಸಿ ನೋಡಿ ಒಂದು ಜಾಗವನ್ನು ಬೆರಳಿನಿಂದ ತಟ್ಟಿದರು. ನೀವೂ ಬೇಕಾದರೆ ಮುಟ್ಟಿ ನೋಡಿಕೊಳ್ಳಿ. ಮೊಣಕಾಲಿನ ಹೊರಬದಿಯಲ್ಲಿ, ಎರಡು ಬೆರಳು ಕೆಳಗೆ, ಗುಂಡಗಿನ ಮೂಳೆಯೊಂದು ಕೈಗೆ ಸಿಗುತ್ತದೆ. ಪಾದವನ್ನು ಎತ್ತಿಸುವ ನರ ಅದರ ಕತ್ತನ್ನು ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಅದಕ್ಕೆ ಮಾಂಸದ ಹೊದಿಕೆ ಇಲ್ಲ, ಬರೀ ಚರ್ಮ. ಅಲ್ಲಿ ತಟ್ಟಿದಾಗ ಅಪ್ಪನಿಗೆ ಪಾದದವರೆಗೂ ಜುಂ ಅಂದಿತಂತೆ.

"ಏನ್ ಕೆಲ್ಸ ಮಾಡ್ತೀರಾ?"

"ಟೈಲರು ಸಾರ್."

"ನೆಲದ ಮೇಲೆ ಕೂರ್ತೀರಾ?"

ಶಾಲೆಗಳ ಯೂನಿಫಾರ್ಮ್ ಕಾಲ. ಅಂಗಡಿಯಲ್ಲಿ ಜೊತೆಗಿದ್ದ ಇನ್ನೊಬ್ಬ ಟೈಲರು ಗಾರ್ಮೆಂಟ್ಸ್ ಫ್ಯಾಕ್ಟರಿ ಸೇರಿದ್ದ. ಗುಂಡಿ ತೂರಿಸುವ ಕಾಜಾ, ಹುಕ್ಕು, ಕೈಹೊಲಿಗೆ ಎಲ್ಲ ಅಪ್ಪನೊಬ್ಬನ ಮೇಲೆ ಬಿದ್ದು, ದಿನಕ್ಕೆ ಐದಾರು ಗಂಟೆ ಚಕ್ಕಳಮಕ್ಕಳ ಹಾಕಿ ಎಡಗಾಲನ್ನು ಬಲಗಾಲಿನ ಕೆಳಗೆ ಸೇರಿಸಿಕೊಂಡು ಕೂರುತ್ತಿದ್ದ. ಆ ನರ ಅಷ್ಟೂ ದಿನ ನೆಲಕ್ಕೂ ಮೂಳೆಗೂ ನಡುವೆ ಸಿಕ್ಕಿಕೊಂಡಿತ್ತು.

"ನರ ಒತ್ತಿದೆ, ಅಷ್ಟೇ. ಇದು ಲಕ್ವ ಅಲ್ಲ. ನೆಲದ ಮೇಲೆ ಕೂರೋದು ಬಿಟ್ರೆ ಸರಿಹೋಗ್ಬೋದು, ಟೈಮ್ ತಗೊಳುತ್ತೆ" ಎಂದರು ಡಾಕ್ಟರು.

"ಇನ್ನೊಂದ್ಸಲ ಹೇಳಿ ಸಾರ್" ಅಂದ ಅಪ್ಪ.

ಡಾಕ್ಟರು ಇನ್ನೊಂದು ಸಲ ಹೇಳಿದರು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕಿವಿ ಮಂದವಾಗುತ್ತಿದೆಯೇನೋ, ಅದನ್ನೂ ತೋರಿಸಬೇಕು ಅಂದುಕೊಂಡೆ ನಾನು. ನೋಡಿ ನನ್ನ ಜಾಣತನ.

ಪಾದ ಜೋತುಬೀಳದ ಹಾಗೆ ಎಲ್ ಆಕಾರದ ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಅದನ್ನು ಬೂಟಿನೊಳಗೆ ಹಾಕಿಕೊಳ್ಳಬೇಕು. ಅಪ್ಪನ ಹತ್ತಿರ ಬೂಟಿರಲಿಲ್ಲ, ಬೂಟಿಗೆ ಸರಿಯಾಗಿ ಪ್ಯಾಂಟೂ ಇರಲಿಲ್ಲ. ಊರಿಗೆಲ್ಲ ಪ್ಯಾಂಟು ಹೊಲಿದವನು ಮದುವೆಯಲ್ಲಿ ಬಿಟ್ಟರೆ ಮತ್ತೆ ಹಾಕಿದವನಲ್ಲ. ಮೂರು ದಿನ ಕೂತು ತನಗೊಂದು ಹೊಲಿದುಕೊಂಡ. ಪಟ್ಟಿ ಕಾಣಬಾರದೆಂದು ಎಡಗಾಲಿನ ಬಾಟಮ್ ಅರ್ಧ ಇಂಚು ಹೆಚ್ಚು ಅಗಲ. ಅವನು ಬೂಟು, ಪ್ಯಾಂಟು ಹಾಕಿ ಬೀದಿಗೆ ಇಳಿದ ದಿನ ಮುನಿಯಪ್ಪಣ್ಣ ಎದ್ದು ನಿಂತು ಸೆಲ್ಯೂಟ್ ಹೊಡೆದ.

ಕಷ್ಟವಾದದ್ದು ಕುರ್ಚಿ. "ಕುರ್ಚಿ ಮೇಲೆ ಕೂತು ಕಾಜಾ ಮಾಡೋದು ಒಂದೇ, ನಿಂತ್ಕೊಂಡು ನಿದ್ದೆ ಮಾಡೋದು ಒಂದೇ" ಎಂದು ಅಪ್ಪ ಜಗಳವಾಡಿದ. ಬಟ್ಟೆ ಜಾರುತ್ತದೆ, ಕಣ್ಣಿಗೂ ಸೂಜಿಗೂ ದೂರವಾಗುತ್ತದೆ, ಕೆಲಸ ಕಲಿಸಿದ ಗುರು ನೋಡಿದ್ದರೆ ಏನನ್ನುತ್ತಿದ್ದರು. ನಾನು ಬಸ್ ಇಳಿದು ಮನೆಗೆ ಹೋಗದೆ ನೇರ ಅಂಗಡಿಗೆ ಹೋಗಿ ತಪಾಸಣೆ ಮಾಡುತ್ತಿದ್ದೆ. ಪ್ರತಿ ದಿನವೂ ಅವನು ಕುರ್ಚಿಯ ಮೇಲೇ ಇರುತ್ತಿದ್ದ. ಒಂದು ದಿನ ಮುನಿಯಪ್ಪಣ್ಣ ಬಾಯಿಬಿಟ್ಟ. "ನೀನು ಬಸ್ ಇಳಿಯೋದು ನಂಗೆ ಇಲ್ಲಿಂದ ಕಾಣ್ತದೆ ಕಣವ್ವ. ನಾನು ಕೆಮ್ಮುದ್ರೆ ನಿಮ್ಮಪ್ಪ ಎದ್ದು ಕುರ್ಚಿ ಮ್ಯಾಲೆ ಕುಂತ್ಕೋತಾನೆ. ಇಂಗೇ ಎಷ್ಟ್ ದಿನ ಅಂತ ಕೆಮ್ಮಲಿ ನಾನು?"

ಆವತ್ತು ನಾನು ಗಿರಾಕಿಗಳ ಎದುರಿಗೇ ಅಪ್ಪನನ್ನು ಬೈದೆ. "ನಿಂಗೆ ಕಾಲು ಬೇಕೋ ಬೇಡ್ವೋ ಹೇಳ್ಬಿಡು" ಎಂದು ಕೂಗಿದೆ. ಅವನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಲೇ ಇದ್ದ, ದಾರ ಹೋಗಲಿಲ್ಲ. ಅಳತೆ ಕೊಡಲು ಬಂದಿದ್ದವರು ಮೆಲ್ಲನೆ ಹೊರಗೆ ಹೋಗಿ ನಿಂತರು. ಮನೆಗೆ ಬಂದು ನಾನು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದಾಗ ಅಪ್ಪ ಬಡಗಿಯ ಹತ್ತಿರ ಹೋಗಿದ್ದಾನೆ ಎಂದಳು ಅಮ್ಮ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಕೂರುವ ಹಲಗೆ ಮಾಡಿಸಿಕೊಂಡು ಬಂದ. ಬಟ್ಟೆ ಜಾರುವುದು ನಿಂತಿತು. ಆಮೇಲೆ ಅವನು ನೆಲದ ಮೇಲೆ ಕೂರಲಿಲ್ಲ.

ದಿನಾ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಮೊದಲು ಅವನ ಪಾದವನ್ನು ನನ್ನ ಮಡಿಲಲ್ಲಿಟ್ಟುಕೊಂಡು, ಮೂಳೆಯ ಪಕ್ಕ ಎರಡು ಬೆರಳಿಟ್ಟು, "ಎತ್ತು" ಅನ್ನುತ್ತಿದ್ದೆ. ಏನೂ ಇಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. "ಮೇಲಿಂದ ಆರ್ಡರ್ ಕೊಡ್ತಾನೇ ಇದೀನಿ ಕಣಮ್ಮ, ಕೆಳಗೆ ಯಾರೂ ತಗೋತಿಲ್ಲ" ಎಂದು ನಗುತ್ತಿದ್ದ. ನಗು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಗೌರಿ ಹಬ್ಬದ ಹಿಂದಿನ ದಿನ ಇರಬೇಕು, ಅಮ್ಮ ಹೊರಗೆ ಬಾಗಿಲು ತೊಳೆಯುತ್ತಿದ್ದಳು. ಎತ್ತು ಅಂದೆ. ಪಾದ ಅಲುಗಲಿಲ್ಲ. ಆದರೆ ನನ್ನ ಬೆರಳಿನ ಕೆಳಗೆ ಏನೋ ಮಿಡಿಯಿತು. ಚರ್ಮದ ಅಡಿಯಲ್ಲಿ ಇರುವೆಯೊಂದು ಹರಿದು ಹೋದಷ್ಟು.

"ಅಪ್ಪ, ಇನ್ನೊಂದ್ಸಲ."

ಮತ್ತೆ ಮಿಡಿಯಿತು.

ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ಆ ಸ್ನಾಯುವಿನ ಹೆಸರು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. "ಬಂತು" ಅಂದೆ, ಅಷ್ಟೇ. ಅಪ್ಪ ನನ್ನ ಬೆರಳನ್ನು ಸರಿಸಿ ತನ್ನ ಬೆರಳಿಟ್ಟು ನೋಡಿಕೊಂಡ. ಇಬ್ಬರೂ ಹಾಗೆಯೇ ಕೂತಿದ್ದೆವು. ಆವತ್ತು ನನ್ನ ಬಸ್ಸು ತಪ್ಪಿತು.

ವಾರ್ಷಿಕ ಪರೀಕ್ಷೆಯ ವೈವಾದಲ್ಲಿ ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಪಾದ ಜೋತುಬೀಳುವುದರ ಬಗ್ಗೆಯೇ ಕೇಳಿದರು. ನರ, ಮೂಳೆ, ಸೋಲುವ ಸ್ನಾಯುಗಳು, ಎಲ್ಲ ಹೇಳಿದೆ. ವಾಪಸು ಬರುವಾಗ ಪಾದ ಮೊದಲು ಏಳುತ್ತದೆ, ಹೆಬ್ಬೆರಳು ಕೊನೆಗೆ ಎಂದೂ ಸೇರಿಸಿದೆ.

"ಹೆಬ್ಬೆರಳು ಕೊನೆಗೆ ಅಂತ ನಿಮ್ಮ ಪುಸ್ತಕದಲ್ಲಿ ಇಲ್ವಲ್ಲ?"

"ನಿನ್ನೆ ಬೆಳಿಗ್ಗೆವರೆಗೂ ಬಂದಿರ್ಲಿಲ್ಲ ಸಾರ್."

ಅವರು ತಲೆ ಎತ್ತಿದರು. "ಯಾರಿಗೆ?"

"ನಮ್ಮಪ್ಪಂಗೆ."

ಮತ್ತೇನೂ ಕೇಳದೆ ಹೋಗು ಎಂದು ಕೈ ಮಾಡಿದರು. ಪಾಸಾದೆ.

ಅಪ್ಪನ ಪಾದ ಚೆನ್ನಾಗಿಯೇ ಎದ್ದಿತು. ಹೆಬ್ಬೆರಳು ಮಾತ್ರ ಪೂರ್ತಿ ಬರಲೇ ಇಲ್ಲ. ದಣಿದಾಗ ಇವತ್ತಿಗೂ ಚೂರು ಎಳೆಯುತ್ತದೆ. ಈಗ ಕಣ್ಣು ಸೋತು ಅವನು ಹೊಲಿಗೆ ಬಿಟ್ಟಿದ್ದಾನೆ. ಅಂಗಡಿಯನ್ನು ಅಮ್ಮ ನೋಡಿಕೊಳ್ಳುತ್ತಾಳೆ. ಹೋದ ತಿಂಗಳು ಒಂದು ಸಂಜೆ ಅಲ್ಲಿಗೆ ಹೋಗಿದ್ದೆ. ಅಪ್ಪ ಕೆರೆಯ ಕಡೆ ವಾಕಿಂಗ್ ಹೋಗಿದ್ದ. ಅಮ್ಮ ಮೇಜಿನ ಮೇಲೆ ಬಟ್ಟೆ ಹಾಸಿ ಪ್ಯಾಂಟು ಕತ್ತರಿಸುತ್ತಿದ್ದಳು. ಕತ್ತರಿ ಒಂದು ಕಡೆಯೂ ತಡವರಿಸಲಿಲ್ಲ.

"ಅಮ್ಮ, ಅಪ್ಪನ ಥರಾನೇ ಕಟ್ ಮಾಡ್ತೀಯ. ಇದನ್ನ ಯಾವಾಗ ಕಲ್ತೆ?"

"ನೀನು ಮೊದಲ್ನೇ ವರ್ಷ ಓದ್ತಿದ್ದಾಗ. ನೀನು ಬಸ್ ಹತ್ತಿದ ಮೇಲೆ ದಿನಾ ಒಂದ್ ಗಂಟೆ ಪೇಪರ್ ಮೇಲೆ ಕತ್ತರಿಸ್ಬೇಕಾಗಿತ್ತು. ತಪ್ಪಾದ್ರೆ ಬೈಗುಳ ಬೇರೆ."

"ಯಾಕೆ ಇದ್ದಕ್ಕಿದ್ದಂಗೆ?"

ಅಮ್ಮ ಕತ್ತರಿ ನಿಲ್ಲಿಸಲಿಲ್ಲ. "ಕಾಲು ಎಳೆಯಕ್ಕೆ ಶುರುವಾಗಿತ್ತಲ್ಲ. ಲಕ್ವ ಅಂತ ತಿಳ್ಕೊಂಡಿದ್ರು. ನಿಮ್ ತಾತಂಗೂ ಕಾಲಿಂದಾನೇ ಶುರುವಾಗಿತ್ತಂತೆ, ವರ್ಷದೊಳಗೆ ಮಂಚ ಹಿಡಿದ್ರು. ನಾನು ಬಿದ್ರೂ ಅಂಗಡಿ ನಿಲ್ಬಾರ್ದು, ಅವಳ ಓದು ನಿಲ್ಬಾರ್ದು, ನೀನು ಕಲ್ತ್ಕೋ ಅಂದ್ರು."

"ನಿಂಗೆ ಗೊತ್ತಿತ್ತಾ? ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ರು. ಹೇಳಿದ್ರೆ ನೀನು ಕಾಲೇಜು ಬಿಟ್ಟು ಕೂತ್ಕೋತೀಯ ಅಂತ. ಡಾಕ್ಟ್ರ ಹತ್ರ ಹೋಗಿ ಅಂತ ಕಾಲಿಗೆ ಬಿದ್ದೆ, ಹೋಗ್ಲಿಲ್ಲ. ಡಾಕ್ಟ್ರು ಬಾಯ್ಬಿಟ್ಟು ಲಕ್ವ ಅಂದ್ಬಿಟ್ರೆ ಅನ್ನೋ ಭಯ. ಕೊನೆಗೆ ಒಂದ್ ಭಾನುವಾರ ಊಟಕ್ಕೆ ಬಡಿಸ್ತಾ ಹೇಳ್ದೆ. ದಿನಾ ಬಲಗಾಲೇ ಕೊಡ್ತೀರಲ್ಲ, ಇವತ್ತು ಅವಳಿಗೆ ಎಡಗಾಲು ಕೊಡ್ರೀ ಅಂತ."

ನನಗೆ ಆಗ ಹತ್ತೊಂಬತ್ತು ವರ್ಷ. ಯಾವ ಸ್ನಾಯು ಎಲ್ಲಿದೆ ಎಂದು ಸರಿಯಾಗಿ ಗೊತ್ತಿಲ್ಲದವಳು.

"ನಾನು ಕಂಡುಹಿಡೀತೀನಿ ಅಂತ ಅಷ್ಟೊಂದು ನಂಬಿಕೆ ಇತ್ತಾ ನಿಂಗೆ?"

"ನಿನ್ ಮೇಲೆ ಎಲ್ಲಿ ಬರ್ಬೇಕು ನಂಬಿಕೆ" ಅಂದಳು ಅಮ್ಮ, ಕತ್ತರಿಸಿದ ಎರಡು ಭಾಗಗಳನ್ನು ಒಂದರ ಮೇಲೊಂದಿಟ್ಟು ಅಂಚು ಸರಿಮಾಡುತ್ತಾ. "ನೀನು ಕಾಲು ಕೇಳಿದ್ರೆ ಅವ್ರು ಇಲ್ಲ ಅನ್ನಲ್ಲ ಅನ್ನೋದು ಮಾತ್ರ ಗೊತ್ತಿತ್ತು."